ಮೂಡಿಗೆರೆಯ ಗಣಕ ಕನ್ನಡ ಮತ್ತು ಹಳೆಯ ಯಂತ್ರಗಳ ಅನುಕರಣೆ

ಮೂಡಿಗೆರೆಯ ಕಾಫಿ ತೋಟದ ಮನೆ ‘ನಿರುತ್ತರ’ದಲ್ಲಿ ನೆಲೆಸಿ, 2007ರಲ್ಲಿ ನಿಧನರಾದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟುಹಿಡಿದು ದುಡಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆಯೂ ಅವರ ಒತ್ತಾಸೆಯಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪದ್ಧತಿಯಾದ ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ, ತೇಜಸ್ವಿಯವರ ಕಾಲದ ಕನ್ನಡ ಕಡತಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಕೂರಿಸಿದಂಥವಾದ್ದರಿಂದ, ಮೂಲ ಫಾಂಟ್ ಇಲ್ಲದೆ ಅವನ್ನು ಓದಲಾಗದು. ಪರಿವರ್ತಕ ಬೇಕು, ಇಲ್ಲವೇ ಹಳೆಯ ತಂತ್ರಾಂಶವನ್ನೇ ಮತ್ತೆ ಓಡಿಸಬೇಕು. ಈ ಎರಡನೆಯ ದಾರಿಯನ್ನು ಹದಗೊಳಿಸಿದವರು, ವಿದ್ವಾಂಸರು ಸ್ವಲ್ಪ ನಾಚಬೇಕಾದ ಸಂಗತಿ, ಹಳೆಯ ಆಟಗಳ ಹುಚ್ಚರು. ಒಂದು ಯಂತ್ರದ ನಡವಳಿಕೆಯನ್ನು ಇನ್ನೊಂದರಲ್ಲಿ ಅನುಕರಿಸುವ ಎಮ್ಯುಲೇಟರುಗಳ ಪೈಕಿ 1997ರ ಮೇಮ್ ನಾಣ್ಯ ಹಾಕಿ ಆಡುವ ಆರ್ಕೇಡ್ ಆಟಗಳಿಗಾಗಿ, 2002ರ ಡಾಸ್‌ಬಾಕ್ಸ್ ಹಳೆಯ ಪಿಸಿಗಳ ಡಾಸ್ ಕಾರ್ಯಾಚರಣ ವ್ಯವಸ್ಥೆಯ ಆಟಗಳಿಗಾಗಿ ಹುಟ್ಟಿದವು.