ಬೀಡಿ ಕಟ್ಟಿದ ಕೈ ಮನೆ ಕಟ್ಟಿತು

ನಮ್ಮ ಚನ್ನಗಿರಿಯ ಕೋಟೆಯನ್ನು ನೋಡಬಂದವರು ಅದನ್ನು ಕಟ್ಟಿಸಿದವರು ಯಾರೆಂದು ಕೇಳುತ್ತಾರೆ. ಕಲ್ಲು ಹೊತ್ತವರು ರಾತ್ರಿ ಎಲ್ಲಿ ಮಲಗುತ್ತಿದ್ದರೆಂದು ಕೇಳುವವರು ವಿರಳ. ಚರಿತ್ರೆಯ ಪುಸ್ತಕಗಳೂ ಈ ವಿಷಯದಲ್ಲಿ ಮೌನ ತಾಳಿವೆ. ಆದುದರಿಂದಲೇ, ಕೂಲಿಯವರು ತಮಗಾಗಿ ತಾವೇ ಊರು ಮಾಡಿಕೊಂಡ ಪ್ರಸಂಗವೊಂದನ್ನು ಇಲ್ಲಿ ಬರೆದಿಡಬೇಕೆನಿಸಿತು.

ಅದು ನಡೆದದ್ದು ಸೊಲ್ಲಾಪುರದಲ್ಲಿ. ಕನ್ನಡಿಗರಿಗೆ ಅದು ಪರಸ್ಥಳವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಅದು. 1930ರ ಮೇ ತಿಂಗಳಲ್ಲಿ ಅಲ್ಲಿನ ಜನ ಬ್ರಿಟಿಷರ ವಿರುದ್ಧ ದಂಗೆಯೆದ್ದರು. ಸರಕಾರ ಲಷ್ಕರಿ ಕಾಯಿದೆ ಹೇರಿತು. 1931ರ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರನ್ನು ಗಲ್ಲಿಗೇರಿಸಿತು.

ಮುಂದೆ ಬಟ್ಟೆಗಿರಣಿಗಳು ಮುಚ್ಚುತ್ತ ಬಂದಂತೆ ಎಷ್ಟೋ ಮನೆಗಳ ಅನ್ನ ಹೆಂಗಸರ ಬೀಡಿಮೊರವನ್ನು ನಂಬಿ ನಿಂತಿತು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಬೇಕು. ಸಾವಿರಕ್ಕೆ ಇಷ್ಟೆಂದು ಕೂಲಿ. ವಾಸ ಮಾತ್ರ ಹಕ್ಕುಪತ್ರವಿಲ್ಲದ ನೆಲದ ಗುಡಿಸಲಲ್ಲಿ, ಇಲ್ಲವೆ ಬಾಡಿಗೆಯ ಕಿರುಕೋಣೆಯಲ್ಲಿ.

ಇವರನ್ನು ಒಗ್ಗೂಡಿಸಿದವರು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ನರಸಯ್ಯ ಆಡಂ. ಬರಿಯ ಕೂಲಿಯ ಹೋರಾಟ ಸಾಲದೆಂದು ಬೀಡಿ ಕಟ್ಟುವ ಹೆಂಗಸರದೇ ಸಹಕಾರಿ ಗೃಹಸಂಘ ಹುಟ್ಟಿತು. ವಾರ್ಲಿ ಆದಿವಾಸಿಗಳನ್ನು ಜೀತದ ವಿರುದ್ಧ ಎಬ್ಬಿಸಿದ ಗೋದಾವರಿ ಪರುಳೇಕರರ ಹೆಸರನ್ನು ಅದಕ್ಕಿಟ್ಟರು. ನಗರದ ಹೊರಗೆ, ಕುಂಭಾರಿಯಲ್ಲಿ, 10,000 ಮನೆಗಳೆದ್ದವು. ಮನೆಯೊಂದಕ್ಕೆ 60,000 ರೂಪಾಯಿ: ಕೇಂದ್ರದ್ದು ಒಂದು ಪಾಲು, ರಾಜ್ಯದ್ದು ಒಂದು ಪಾಲು, ಕೆಲಸಗಾರ್ತಿಯದು ಒಂದು ಪಾಲು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗರು ಬಂದು ಮನೆಗಳನ್ನು ಒಪ್ಪಿಸಿದರು. ಮುಂದೆ ಅದೇ ಕುಂಭಾರಿಯಲ್ಲಿ 30,000 ಮನೆಗಳ ರೇ ನಗರಕ್ಕೆ ಕೈಹಾಕಿದರು. 2024ರ ಜನವರಿಯಲ್ಲಿ ಅದರ 15,000 ಮನೆಗಳನ್ನು ಒಪ್ಪಿಸಲು ಬಂದವರು ಪ್ರಧಾನಿ ನರೇಂದ್ರ ಮೋದಿ. ಕೆಂಬಾವುಟದವರ ಬೇಡಿಕೆಗೆ ಬೇರೆ ಬೇರೆ ಪಕ್ಷದ ಸರಕಾರಗಳು ಹಣ ಕೊಡಬೇಕಾಯಿತೆಂಬುದು ಗಮನಿಸತಕ್ಕ ಸಂಗತಿ.

ಇದರಲ್ಲಿ ಕುಂದಿಲ್ಲವೆನ್ನಲಾಗದು. ಹೊಸ ಮನೆ ಪೇಟೆಗೆ ದೂರ. ಬೀಡಿಯಾದರೋ ಸೇದುವವನ ಎದೆಯನ್ನೂ ಸುತ್ತುವವಳ ಎದೆಯನ್ನೂ ತಿನ್ನುವ ವಸ್ತು. ಆದರೆ ಒಂದು ಮಾತು ದಿಟ: ನಿನ್ನೆಯವರೆಗೆ 'ಏಳು' ಎಂದೊಡನೆ ಪಾತ್ರೆ ಹೊತ್ತು ಏಳಬೇಕಾಗಿದ್ದವಳು ಇಂದು ತನ್ನ ಹೊಸ್ತಿಲ ಮೇಲೆ ಕುಳಿತು 'ಯಾರು?' ಎಂದು ಕೇಳಬಲ್ಲಳು. ನಮ್ಮ ಕೋಟೆಯ ಕಲ್ಲು ಹೊತ್ತವರಿಗೆ ಆ ಭಾಗ್ಯವಿತ್ತೆ?