ಬೀಗದ ವಿದ್ಯೆ ಬಯಲಾಗಿರಲಿ, ಕೀಲಿಕೈ ಜೋಪಾನವಾಗಿರಲಿ



ಶ್ರಾವಣ ಮಾಸ ಬಂತೆಂದರೆ ನಮ್ಮ ಕೌತಾಳಂ ಮಂಡಲದ ಉರುಕುಂದಕ್ಕೆ ಗಡಿಯಾಚೆಯಿಂದಲೂ ಜನ ಹರಿದು ಬರುತ್ತಾರೆ. ಈರಣ್ಣಸ್ವಾಮಿಯ ಹುಂಡಿ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಹಾಗಂತ ಅದರ ಕೀಲಿಕೈಯನ್ನು ಪಕ್ಕದಲ್ಲೇ ಮೊಳೆಗೆ ನೇತುಹಾಕುತ್ತಾರೆಯೇ? ಮುಕ್ತ ತಂತ್ರಾಂಶಗಳ ಸುರಕ್ಷತೆಯ ಇತಿಹಾಸ ಓದುವಾಗ ನಮಗೆ ನೆನಪಾದದ್ದು ಈ ಹುಂಡಿಯೇ.

ಈ ವಿಚಾರ ಕಂಪ್ಯೂಟರಿಗಿಂತ ಹಳೆಯದು. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬವರು ಸೈನ್ಯದ ಗುಪ್ತಲಿಪಿಗಳ ಬಗ್ಗೆ ಫ್ರೆಂಚ್ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಅವರು ಪ್ಯಾರಿಸ್ಸಿನಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದವರು, ಅಂದರೆ ನಮ್ಮ ಹಾಗೆ ಮಾಸ್ತರರೇ! ಗುಪ್ತಲಿಪಿಯ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ ಎಂಬುದು ಅವರ ಮಾತಿನ ಸಾರ. ಕಾರಣ ಸರಳ. ವಿಧಾನ ಹತ್ತಾರು ಜನರಿಗೆ ಗೊತ್ತಿರುತ್ತದೆ, ಅದನ್ನು ಬದಲಿಸುವುದು ಕಷ್ಟ. ಕೀಲಿಯನ್ನಾದರೆ ಒಂದೇ ರಾತ್ರಿಯಲ್ಲಿ ಬದಲಿಸಬಹುದು.

ಸರಿಯಾಗಿ ನೂರು ವರ್ಷಗಳ ನಂತರ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ತಂತ್ರಾಂಶದ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು ಎಂಬ ಕಾಲ ಬಂತು. ನೋಡುವ ಕಣ್ಣು ಹೆಚ್ಚಾದಷ್ಟೂ ತಪ್ಪು ಬೇಗ ಸಿಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಆದರೆ ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ನೋಡುತ್ತಾರೆಯೇ? ಜಾಲತಾಣಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದು ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಹೆಸರಿನಲ್ಲಿ ಅದು ಬಯಲಾಯಿತು. ಜಗತ್ತೆಲ್ಲ ನೆಚ್ಚಿದ್ದ ಆ ಕೆಲಸವನ್ನು ಬೆರಳೆಣಿಕೆಯ ಜನ ಅಲ್ಪ ಹಣದಲ್ಲಿ ನಡೆಸುತ್ತಿದ್ದರೆಂಬುದು ಆಗಲೇ ಎಲ್ಲರಿಗೂ ತಿಳಿದದ್ದು.

ಇನ್ನೊಂದು ಬಗೆಯ ತಪ್ಪೂ ಇದೆ. ಕೋಡಿನ ಜೊತೆಗೆ ಕೀಲಿಯನ್ನೂ ಬಯಲಿಗಿಡುವುದು! ಟೊಯೋಟಾ ಕಾರುಗಳ ಟಿ-ಕನೆಕ್ಟ್ ಸೇವೆಯ ಕೋಡಿನ ಒಂದು ಭಾಗ 2017ರಿಂದ 2022ರವರೆಗೆ ಗಿಟ್‌ಹಬ್‌ನಲ್ಲಿ ಬಹಿರಂಗವಾಗಿತ್ತು. ಅದರೊಳಗೇ ಗ್ರಾಹಕರ ಮಾಹಿತಿ ತೆರೆಯುವ ಕೀಲಿಯೂ ಇತ್ತು. 2,96,019 ಗ್ರಾಹಕರ ಇಮೇಲ್ ವಿಳಾಸಗಳು ಸೋರಿರಬಹುದೆಂದು ಕಂಪನಿಯೇ ಹೇಳಿಕೊಂಡಿತು. ಇಂಥ ಕೀಲಿಯನ್ನು ಕೋಡಿನಿಂದ ಅಳಿಸಿದರೆ ಸಾಲದು. ಹಳೆಯ ಪ್ರತಿಗಳಲ್ಲಿ ಅದು ಉಳಿದೇ ಇರುತ್ತದೆ. ಕೀಲಿಯನ್ನೇ ರದ್ದು ಮಾಡಿ ಹೊಸದು ಮಾಡಬೇಕು. ಅದಕ್ಕೇ ಅನುಭವಸ್ಥರು ಕೀಲಿಯನ್ನು ಮೊದಲಿನಿಂದಲೇ ಕೋಡಿನಿಂದ ಬೇರೆ ಇಡುತ್ತಾರೆ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ನಮಗೆಲ್ಲ ಗೊತ್ತಿರುವುದೇ. ಅದು ನಿಂತಿರುವುದು ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್ ರೂಪಿಸಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ. 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ಒಂದು ವರದಿ ಪ್ರಕಟಿಸಿತು. ದೀಕ್ಷಾದ ಮಾಹಿತಿ ಇಟ್ಟಿದ್ದ ಸಂಗ್ರಹವೊಂದು ವರ್ಷಕ್ಕೂ ಹೆಚ್ಚು ಕಾಲ ಬೀಗವಿಲ್ಲದೆ ಬಿದ್ದಿತ್ತು. ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರ್, ಇಮೇಲ್ ಇದ್ದವು. ಸುಮಾರು 6 ಲಕ್ಷ ವಿದ್ಯಾರ್ಥಿಗಳ ಹೆಸರು, ಶಾಲೆಯ ವಿವರಗಳೂ ಇದ್ದವು. ಗಮನಿಸಿ, ಇಲ್ಲಿ ಸೋರಿದ್ದು ತೆರೆದ ಕೋಡಿನಿಂದಲ್ಲ. ಮುಚ್ಚಿಡಬೇಕಾದ ಕೋಣೆಯನ್ನು ಮುಚ್ಚದೇ ಬಿಟ್ಟದ್ದರಿಂದ.

ಬೇರೆಯವರನ್ನು ಆಡುವುದು ಸುಲಭ. ನಾವು ಮಾಡುವುದೇನು? ಮಕ್ಕಳ ಹೆಸರು, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ ಇರುವ ಪಟ್ಟಿಯನ್ನು ಗಡಿಬಿಡಿಯಲ್ಲಿ ವಾಟ್ಸ್‌ಆಪ್ ಗ್ರೂಪಿಗೆ ಹಾಕಿಬಿಡುತ್ತೇವೆ. ಪಾಸ್‌ವರ್ಡ್ ಬರೆದ ಚೀಟಿಯನ್ನು ಬೀರುವಿನ ಬಾಗಿಲಿಗೇ ಅಂಟಿಸುತ್ತೇವೆ. ನಾವೂ ಹೀಗೆ ಮಾಡಿದವರೇ, ಬರೆಯಲು ನಾಚಿಕೆಯಾಗುತ್ತದೆ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ತಂದೆತಾಯಿಗಳು "ನೀವೇ ಇಟ್ಕೊಳ್ರಿ ಸಾರ್" ಎಂದು ಆಧಾರ್ ಜೆರಾಕ್ಸ್ ಕೊಟ್ಟು ಹೋಗುತ್ತಾರೆ. ಯಾಕೆ, ಏನು ಎಂದು ಒಂದು ಮಾತೂ ಕೇಳುವುದಿಲ್ಲ. ಆ ನಂಬಿಕೆಗೆ ಬೆಲೆ ಕಟ್ಟಲಾದೀತೇ?

2023ರ ಆಗಸ್ಟ್‌ನಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯನ್ನು ಅಂಗೀಕರಿಸಿತು. 18 ವರ್ಷದೊಳಗಿನವರ ಮಾಹಿತಿಗೆ ಅದರಲ್ಲಿ ವಿಶೇಷ ನಿಯಮಗಳಿವೆ. ಆದರೆ ಕಾಯ್ದೆ ನಮ್ಮ ಬೀರುವಿನ ಬಳಿ ಬಂದು ನಿಲ್ಲುವುದಿಲ್ಲ. ಪಾಠ, ಪ್ರಶ್ನೆಪತ್ರಿಕೆ, ಕಲಿಕಾ ಸಾಮಗ್ರಿಗಳನ್ನು ಧಾರಾಳವಾಗಿ ಹಂಚಿಕೊಳ್ಳೋಣ. ಗಡಿನಾಡಿನ ಕನ್ನಡ ಶಾಲೆಗಳು ಉಳಿಯಬೇಕಾದರೆ ಅದು ಬೇಕೇ ಬೇಕು. ಆದರೆ ಮಕ್ಕಳ ಪಟ್ಟಿ ಮಾತ್ರ ಬೀಗದೊಳಗೇ ಇರಲಿ. ನಾಳೆ ಶಾಲೆಗೆ ಹೋದ ತಕ್ಷಣ ನಾವು ಮಾಡುವ ಮೊದಲ ಕೆಲಸ ಆ ಚೀಟಿಯನ್ನು ಕಿತ್ತು ಹಾಕಿ, ಪಾಸ್‌ವರ್ಡ್ ಬದಲಿಸುವುದು. ನೀವೇನಂತೀರಿ?