ದೇವರಾದ ಮೂವರು, ಒಪ್ಪದ ಅರ್ಚಕರು

ಕಾಲ್ಪನಿಕ ಲೋಕದ ಆಟಗಳಲ್ಲಿ ಧರ್ಮಕ್ಕೆ ಮೊದಮೊದಲು ಇದ್ದ ಮುಖ್ಯ ಕೆಲಸ ಗಾಯ ಮಾಯಿಸುವುದು. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಪುರೋಹಿತನ ಪಾತ್ರವೊಂದಿತ್ತು. ಗಾಯಾಳುಗಳನ್ನು ಎಬ್ಬಿಸಿ ನಿಲ್ಲಿಸುವುದು, ಪ್ರೇತಗಳನ್ನು ಓಡಿಸುವುದು ಅವನ ಪಾಲಿನ ಕೆಲಸ. ಅವನು ಯಾವ ದೇವರ ಒಕ್ಕಲು, ಆ ನಂಬಿಕೆ ಎಲ್ಲಿ ಹುಟ್ಟಿತು ಎಂದು ಆಟ ಕೇಳುತ್ತಿರಲಿಲ್ಲ. 1980ರಲ್ಲಿ ಅದೇ ಆಟಕ್ಕೆ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಪುಸ್ತಕ ಬಂದಾಗ ಗ್ರೀಕ್, ನಾರ್ಸ್ ದೇವತೆಗಳ ಜತೆ ನಮ್ಮ ಇಂದ್ರ, ಅಗ್ನಿ, ವರುಣ, ಯಮರೂ ಅದರೊಳಗೆ ಸೇರಿದ್ದರು. ಎಷ್ಟು ಪೆಟ್ಟು ಬಿದ್ದರೆ ದೇವರು ಉರುಳುತ್ತಾನೆ ಎಂಬುದಕ್ಕೂ ಅಲ್ಲಿ ಅಂಕಿಯಿತ್ತು. ಆ ದೇವರ ಹೆಸರಲ್ಲಿ ಜನ ಹೇಗೆ ಬದುಕುತ್ತಾರೆ, ಯಾತಕ್ಕೆ ಕಚ್ಚಾಡುತ್ತಾರೆ ಎಂಬ ವಿವರಕ್ಕೆ ಮಾತ್ರ ಹೆಚ್ಚು ಜಾಗ ಸಿಕ್ಕಿರಲಿಲ್ಲ.

ಆ ಕೊರತೆಯನ್ನು ಅದಾಗಲೇ ತುಂಬಿದ್ದವರು ಗ್ರೆಗ್ ಸ್ಟಾಫರ್ಡ್. 1966ರಲ್ಲಿ, ಕಾಲೇಜಿನಲ್ಲಿ ಓದುತ್ತಿದ್ದಾಗಲೇ ‘ಗ್ಲೊರಾಂಥಾ’ ಎಂಬ ಲೋಕದ ಪುರಾಣಗಳನ್ನು ಅವರು ಬರೆಯತೊಡಗಿದ್ದರು. 1978ರಲ್ಲಿ ಆ ಲೋಕದಲ್ಲಿ ಆಡುವ ‘ರೂನ್‌ಕ್ವೆಸ್ಟ್’ ಬಂತು, ಮರುವರ್ಷ ‘ಕಲ್ಟ್ಸ್ ಆಫ್ ಪ್ರಾಕ್ಸ್’. ಈ ಎರಡನೆಯ ಪುಸ್ತಕವನ್ನು ಒಂದು ಮೈಲಿಗಲ್ಲು ಎನ್ನಲು ನನಗೆ ಯಾವ ಅನುಮಾನವೂ ಇಲ್ಲ. ಒಂದೊಂದು ಪಂಥದ ಮೂಲಕಥೆ, ದೀಕ್ಷೆಯ ಕ್ರಮ, ಪುರೋಹಿತರಾಗಲು ಬೇಕಾದ ಅರ್ಹತೆ, ಬೇರೆ ಪಂಥಗಳ ಜತೆಗಿನ ಸ್ನೇಹ ಹಗೆತನ ಎಲ್ಲವನ್ನೂ ಅದು ಬಿಡಿಸಿಡುತ್ತದೆ. ನಡುನಡುವೆ ಬಿಟುರಿಯನ್ ವಾರೋಶ್ ಎಂಬ ವ್ಯಾಪಾರಿಯ ಪ್ರವಾಸಕಥೆ. ಊರೂರು ಸುತ್ತುವ ಅವನ ಕಣ್ಣಿಗೆ ಬೀಳುವುದು ಅಂಕಿಗಳಲ್ಲ, ಜನರ ಆಚಾರ. ಏಳು ಜನ ಸೇರಿ ಒಂದು ವಿಧಿ ನಡೆಸಿ ಕೆಂಪು ದೇವತೆಯನ್ನು ಲೋಕಕ್ಕೆ ತಂದರೆಂಬ ಕಥೆಯೂ ಈ ಗ್ಲೊರಾಂಥಾದ್ದೇ. ಅವಳ ಭಕ್ತರಿಗೆ ಅದು ಬಿಡುಗಡೆ. ಗಾಳಿಮಳೆಯ ದೇವರು ಓರ್ಲಾಂತನ ಒಕ್ಕಲಿಗೆ ಲೋಕದ ನಾಶ.

ಇವೆಲ್ಲ ಮೇಜಿನ ಸುತ್ತ ಕೂತು ಆಡುವ ಆಟಗಳು. ಕಂಪ್ಯೂಟರ್ ಆಟಗಳು ಬೇರೆ ದಾರಿ ಹಿಡಿದವು. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಮಾಡಿದ ‘ಅಲ್ಟಿಮಾ 4’ರಲ್ಲಿ ಕೊಲ್ಲಲು ಖಳನಾಯಕನಿಲ್ಲ. ಎಂಟು ಸದ್ಗುಣಗಳನ್ನು ರೂಢಿಸಿಕೊಂಡು, ಒಂದೊಂದರ ಗುಡಿಯ ಮುಂದೆ ಕೂತು ಅದಕ್ಕೆ ಸಲ್ಲುವ ಮಂತ್ರ ಜಪಿಸಿ ‘ಅವತಾರ’ ಆಗಬೇಕು. ಆಧ್ಯಾತ್ಮದ ಗುಡಿಯ ಮಂತ್ರ ‘ಓಂ’. ಇಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆಯ ನೀತಿಪಾಠವಾಗುತ್ತಿತ್ತು. 1988ರ ‘ಅಲ್ಟಿಮಾ 5’ರಲ್ಲಿ ಬ್ಲ್ಯಾಕ್‌ಥಾರ್ನ್ ಎಂಬ ಆಳುವವನು ಅದೇ ಸದ್ಗುಣಗಳನ್ನು ಕಾನೂನು ಮಾಡುತ್ತಾನೆ: ಸುಳ್ಳಾಡಿದವನ ನಾಲಿಗೆ ಕತ್ತರಿಸು, ಆದಾಯದ ಅರ್ಧ ದಾನ ಮಾಡದವನ ಆದಾಯವನ್ನೇ ಕಿತ್ತುಕೋ. 1992ರ ‘ಅಲ್ಟಿಮಾ 7’ರಲ್ಲಿ ‘ಫೆಲೋಶಿಪ್’ ಎಂಬ ಹೊಸ ಪಂಥ ಊರೂರಲ್ಲಿ ಶಾಖೆ ತೆರೆದಿರುತ್ತದೆ. ಒಗ್ಗಟ್ಟಿಗೆ ದುಡಿ, ಸೋದರನನ್ನು ನಂಬು, ಯೋಗ್ಯನಾದ ಮೇಲಷ್ಟೇ ಫಲ ಬಯಸು ಎಂಬ ಮೂರು ತತ್ವಗಳು ಕೇಳಲು ಸೊಗಸು. ಮೂರನೆಯದನ್ನು ಬಡವನ ಮುಂದೆ ಹೇಳಿದಾಗ ಅದು ಎಂಥ ಕ್ರೌರ್ಯ ಎಂಬುದನ್ನು ಆಟ ನಿಧಾನವಾಗಿ ಕಾಣಿಸುತ್ತದೆ.

ಈ ಎಳೆಗಳು ಕೂಡಿಕೊಂಡದ್ದು 2002ರಲ್ಲಿ, ಬೆಥೆಸ್ಡಾ ಕಂಪನಿಯ ‘ಮಾರೊವಿಂಡ್’ ಆಟದಲ್ಲಿ. ಅದರ ಮುಖ್ಯ ವಿನ್ಯಾಸಕ ಕೆನ್ ರೋಲ್ಸ್ಟನ್ ಹಿಂದೆ ರೂನ್‌ಕ್ವೆಸ್ಟ್ ಪುಸ್ತಕಗಳ ಸಂಪಾದನೆ ಮಾಡಿದ್ದವರು. ಸ್ಟಾಫರ್ಡ್ ಅವರ ಲೋಕದ ಗಾಳಿ ಇಲ್ಲಿಗೂ ಬೀಸಿತ್ತೆಂದು ನಾನು ನಂಬುತ್ತೇನೆ.

ಮಾರೊವಿಂಡ್‌ನ ‘ಟ್ರಿಬ್ಯುನಲ್’ ಪಂಥದ ಹುಟ್ಟಿನ ಕಥೆ ಹೀಗಿದೆ. ವೆಲೋತ್ ಎಂಬ ಪ್ರವಾದಿಯ ಹಿಂದೆ ತಾಯ್ನಾಡು ಬಿಟ್ಟು ಬಂದ ಜನ ಚೈಮರ್. ಬೊಯೆಥಿಯಾ, ಅಝುರಾ, ಮೆಫಾಲಾ ಅವರ ಹಳೆಯ ದೈವಗಳು. ನೆಲದಡಿಯ ಡ್ವೆಮರ್ ಜನ ಲಾರ್ಖನ್ ಎಂಬ ಸತ್ತ ದೇವರ ಹೃದಯವನ್ನು ಪತ್ತೆ ಮಾಡಿ, ಅದರ ಶಕ್ತಿಯನ್ನು ಹೀರುವ ಉಪಕರಣಗಳನ್ನು ಮಾಡಿದ್ದರು. ಕೆಂಪು ಬೆಟ್ಟದ ಬಳಿ ಯುದ್ಧ ನಡೆಯಿತು, ಡ್ವೆಮರ್ ಜನಾಂಗವೇ ಕಣ್ಮರೆಯಾಯಿತು, ಚೈಮರ್ ಸೇನಾಪತಿ ನೆರೆವಾರ್ ಸತ್ತ. ಅವನ ಹೆಂಡತಿ ಅಲ್ಮಲೆಕ್ಸಿಯಾ, ಸಲಹೆಗಾರರಾದ ಸೋಥಾ ಸಿಲ್ ಮತ್ತು ವಿವೆಕ್ ಆ ಬಳಿಕ ದೇವರಾದರು. ಅಝುರಾಳ ಶಾಪ ತಗುಲಿ ಇಡೀ ಜನಾಂಗದ ಮೈ ಬೂದಿಬಣ್ಣಕ್ಕೆ ತಿರುಗಿತು, ಕಣ್ಣು ಕೆಂಡದಂತಾಯಿತು. ಅಂದಿನಿಂದ ಅವರು ಡನ್ಮರ್. ಶಾಪವೆನ್ನಬೇಡಿ, ಇದು ವರ ಎಂದು ಸೋಥಾ ಸಿಲ್ ಜನರನ್ನು ಸಮಾಧಾನಪಡಿಸಿದನಂತೆ.

ಹಳೆಯ ದೈವಗಳನ್ನು ಹೊಸ ಪಂಥ ಓಡಿಸಲಿಲ್ಲ. ಅವು ಈ ಮೂವರ ಮುನ್ಸೂಚನೆಗಳಾಗಿದ್ದವು ಎಂದು ಸಾರಿ ತನ್ನೊಳಗೇ ಜಾಗ ಕೊಟ್ಟಿತು. ಊರದೇವತೆಯೊಬ್ಬಳು ದೊಡ್ಡ ದೇವರ ಪರಿವಾರಕ್ಕೆ ಸೇರಿಕೊಳ್ಳುವುದನ್ನು ಕಂಡ ನಮಗೆ ಈ ಜಾಣತನ ಹೊಸದೇನಲ್ಲ.

ಟ್ರಿಬ್ಯುನಲ್ ಪಂಥದ ದೇವಾಲಯಕ್ಕೆ ಸೇರಿದ ಆಟಗಾರನಿಗೆ ಮೊದಲು ಸಿಗುವ ಕೆಲಸ ಏಳು ಗುಡಿಗಳ ಯಾತ್ರೆ. ಕುಮ್ಮು ಹೊಲದ ಗುಡಿಯಲ್ಲಿ ವಿನಯದ ಪಾಠ. ರೈತನೊಬ್ಬನ ಗುವಾರ್, ಅಂದರೆ ಅಲ್ಲಿ ಎತ್ತಿನ ಬದಲು ಸಾಕುವ ಪ್ರಾಣಿ, ಸತ್ತುಹೋದಾಗ ವಿವೆಕ್ ತನ್ನ ಒಳ್ಳೆಯ ಬಟ್ಟೆ ಕಳಚಿಟ್ಟು ಅದರ ಜಾಗದಲ್ಲಿ ತಾನೇ ದುಡಿದನಂತೆ. ಆ ಗುಡಿಗೆ ಒಪ್ಪಿಸಬೇಕಾದ ಕಾಣಿಕೆ ಒಂದು ಹಿಡಿ ಕೆಸರು. ಅದೇ ವಿವೆಕ್‌ನ ಹೆಸರಿನ ನಗರದ ಮೇಲೆ, ಆಕಾಶದಿಂದ ಬೀಳುತ್ತಿದ್ದಾಗ ಅವನು ತಡೆದ ಬಂಡೆಯೊಂದು ಹಾಗೇ ನಿಂತಿದೆ. ಅದನ್ನು ಕೊರೆದು ಒಳಗೆ ಸೆರೆಮನೆ ಮಾಡಿದ್ದಾರೆ. ಪಂಥದ್ರೋಹಿಗಳನ್ನು ಕೂಡಿಹಾಕುವುದು ಅಲ್ಲಿ. ಹೊಲದಲ್ಲಿ ದುಡಿದ ದೇವರೂ ಸೆರೆಮನೆಯ ದೇವರೂ ಒಬ್ಬನೇ. ಎರಡನ್ನೂ ಆಟಗಾರ ತನ್ನ ಕಾಲಲ್ಲೇ ನಡೆದು ನೋಡಬೇಕು.

ಆ ಸೆರೆಮನೆಗೆ ಹೋಗುವಂಥದ್ದೇನನ್ನು ಈ ಪಂಥದ್ರೋಹಿಗಳು ಹೇಳಿದ್ದರು? ಮೂವರು ತಪಸ್ಸಿನಿಂದ, ಸದ್ಗುಣದಿಂದ ದೇವರಾದರು ಎಂಬುದು ದೇವಾಲಯದ ಬೋಧನೆ. ನೆರೆವಾರ್‌ನನ್ನು ಕೊಂದು, ಸತ್ತ ದೇವರ ಹೃದಯದಿಂದ ಶಕ್ತಿ ಕದ್ದರು ಎಂಬುದು ಬೂದಿನಾಡಿನ ಅಲೆಮಾರಿಗಳು ಹೇಳಿಕೊಂಡು ಬಂದ ಮಾತು. ದೇವಾಲಯ ತನ್ನ ಅರ್ಚಕರ ಒಳವಲಯಕ್ಕೆ ಮಾತ್ರ ಮೀಸಲಿಟ್ಟ ಗುಪ್ತ ಬರಹಗಳಲ್ಲೂ ಈ ಮಾತಿನ ಸುಳಿವಿತ್ತು. ಅವನ್ನು ಓದಿ ಸುಮ್ಮನಿರಲಾಗದ ಅರ್ಚಕರು ಹೋಲಮಯಾನ್ ಮಠದಲ್ಲಿ ತಲೆಮರೆಸಿಕೊಂಡು ತಮ್ಮ ಪ್ರಶ್ನೆಗಳನ್ನು ಬರೆದಿಟ್ಟರು. ಅವರು ಧರ್ಮವನ್ನು ಬಿಟ್ಟವರಲ್ಲ. ಮೂವರೂ ಮರ್ತ್ಯರೇ ಇರಬಹುದು, ಹಾಗೆಂದು ಒಪ್ಪಿಕೊಳ್ಳಿ ಎನ್ನುವುದಷ್ಟೇ ಅವರ ಬೇಡಿಕೆ. ಇಡೀ ಆಟದಲ್ಲಿ ನನ್ನನ್ನು ಅತಿ ಹೆಚ್ಚು ತಟ್ಟಿದವರು ಇವರೇ.

ವಿವೆಕ್‌ನನ್ನೇ ಎದುರಿಗೆ ಕೇಳಬಹುದು. ಡ್ವೆಮರ್ ಜನರ ಆ ಉಪಕರಣಗಳನ್ನು ಬಳಸುವುದಿಲ್ಲವೆಂದು ಕೊಟ್ಟ ಮಾತಿಗೆ ತಪ್ಪಿದೆವು ಎನ್ನುತ್ತಾನೆ, ಕೊಲೆಯನ್ನು ಒಪ್ಪುವುದಿಲ್ಲ. ಆದರೆ ಅವನೇ ಬರೆದನೆಂದು ಆಟ ಹೇಳುವ, ನಿಜದಲ್ಲಿ ಮೈಕೆಲ್ ಕರ್ಕ್‌ಬ್ರೈಡ್ ಬರೆದ, 36 ಉಪದೇಶಗಳಿವೆ. 29ನೆಯದರಲ್ಲಿ ಒಂದು ಅಂಕಿಪಟ್ಟಿ ಬರುತ್ತದೆ. ಒಂದೊಂದು ಉಪದೇಶದಲ್ಲೂ ಅದರ ಪಾಲಿನ ಅಂಕಿಯಷ್ಟು ಪದ ಎಣಿಸಿ ಆಯ್ದು ಜೋಡಿಸಿದರೆ, ತಾನು ಹುಟ್ಟಿನಿಂದ ದೇವರಲ್ಲ, ದೈವತ್ವ ಕದ್ದು ಸೇನಾಪತಿಯನ್ನು ಕೊಂದೆ ಎಂಬ ತಪ್ಪೊಪ್ಪಿಗೆ ಸಿಗುತ್ತದೆ. ಬಾಯಲ್ಲಿ ಒಂದು, ಬರಹದಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ನಿಜ ಎಂದು ಆಟ ಕೊನೆವರೆಗೂ ತೀರ್ಪು ಕೊಡುವುದಿಲ್ಲ. ಪಂಥವೊಂದನ್ನು ಕಟ್ಟಲು ಇದಕ್ಕಿಂತ ಗಟ್ಟಿಯಾದ ದಾರಿಯನ್ನು ನಾನು ಬೇರೆ ಆಟದಲ್ಲಿ ಕಂಡಿಲ್ಲ.

2009ರ ‘ಡ್ರ್ಯಾಗನ್ ಏಜ್’ ಆಟದ ಚಾಂಟ್ರಿ ಈ ಪಾಠ ಕಲಿತಿತ್ತು. ಗಂಡನ ದ್ರೋಹದಿಂದ ಬೆಂಕಿಗೆ ಬಿದ್ದ ಆಂಡ್ರಾಸ್ಟೆಯ ಹೆಸರಿನ ಆ ಧರ್ಮಪೀಠದಲ್ಲಿ ಹೆಂಗಸರೇ ಪುರೋಹಿತರು. ಟೆವಿಂಟರ್ ನಾಡು ಅದರಿಂದ ಸಿಡಿದು ಗಂಡಸನ್ನು ಪೀಠಕ್ಕೇರಿಸಿತು. ಆಂಡ್ರಾಸ್ಟೆಯ ಜತೆ ನಿಂತು ಹೋರಾಡಿದ ಶಾರ್ಟನ್ ಎಂಬ ಎಲ್ಫ್ ಮುಖಂಡನ ಅಧ್ಯಾಯವನ್ನು, ಅವನ ಜನರ ಮೇಲೆ ದಂಡೆತ್ತಿ ಹೋದ ಪೀಠ, ಪವಿತ್ರ ಗ್ರಂಥದಿಂದ ತೆಗೆದುಹಾಕಿತು.

ಟ್ರಿಬ್ಯುನಲ್‌ನ ಕಥೆ 2012ರಲ್ಲಿ, ‘ಸ್ಕೈರಿಮ್’ ಆಟದ ‘ಡ್ರ್ಯಾಗನ್‌ಬಾರ್ನ್’ ವಿಸ್ತರಣೆಯಲ್ಲಿ ಮುಂದುವರಿಯಿತು. ಆ ಹೊತ್ತಿಗೆ ಮೂವರು ದೇವರೂ ಇಲ್ಲ. ತಡೆಹಿಡಿದವನು ಕಾಣೆಯಾದ ಮೇಲೆ ಬಂಡೆ ನಗರದ ಮೇಲೆ ಬಿದ್ದಿದೆ, ಕೆಂಪು ಬೆಟ್ಟ ಸಿಡಿದಿದೆ, ಜನ ದಿಕ್ಕಾಪಾಲಾಗಿದ್ದಾರೆ. ರೇವನ್ ರಾಕ್ ಊರಿನ ದೇವಾಲಯದಲ್ಲಿ ಪೂಜೆ ಸಲ್ಲುತ್ತಿರುವುದು ಅಝುರಾ, ಬೊಯೆಥಿಯಾ, ಮೆಫಾಲಾರಿಗೆ. ಆ ಹೊಸ ದೇವಾಲಯ ಹಳೆಯ ಭಿನ್ನಮತೀಯ ಅರ್ಚಕರ ಬೋಧನೆಯ ಮೇಲೆ ನಿಂತದ್ದು. ಅಧಿಕೃತ ಮತ ಈಗ ಅವರದೇ. ತಾವು ನಂಬಿ ಪೂಜಿಸಿದ ಮೂವರನ್ನು ಅವರು ದೇವರ ಪಟ್ಟದಿಂದ ಇಳಿಸಿದರು, ಸಂತರ ಸಾಲಿನಲ್ಲಿ ಉಳಿಸಿಕೊಂಡರು.